ಚೀನೀ ಪಾರ್ಸೆಲ್ಲೂ ಬೆನೆಡಿಕ್ಟ್ ಬಾಟಲಿಯೂ

ವಿದೇಶಕ್ಕೆ ಹೋಗಿ ಬಂದವರನ್ನು ಜನ ಏನು ಕೇಳುತ್ತಾರೆ? ಚಳಿ ಹೇಗಿತ್ತು, ರಾಣಿಯ ಅರಮನೆ ನೋಡಿದಿರಾ, ವಿಮಾನ ಮೇಲೇಳುವಾಗ ಹೊಟ್ಟೆ ಕಲಕಿತೇ ಎಂದು. ನಾನು ಇಂಗ್ಲೆಂಡಿನಿಂದ ಬಂದು ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ, ಎದುರಿಗೆ ಸಿಕ್ಕ ನಮ್ಮ ಶಾಲೆಯ ಜವಾನ ಕೇಳಿದ್ದು ಒಂದೇ ಮಾತು: "ಸಾ, ಅಲ್ಲಿ ಶುಗ್ರು ಎಂಗಿತ್ತು?"

ತಪ್ಪು ಅವನದಲ್ಲ. ಹೊರಡುವ ಮೊದಲು ನನ್ನ ಸಕ್ಕರೆ ಕಾಯಿಲೆಯ ಬಗ್ಗೆ ಇಡೀ ತಾಲ್ಲೂಕೇ ಚರ್ಚೆ ಮಾಡಿತ್ತು. ಆದ್ದರಿಂದ ಈ ಕಥನದಲ್ಲಿ ಅರಮನೆ ಬರುವುದಿಲ್ಲ. ಹೇಗೂ ನಾನು ಅದನ್ನು ನೋಡಲೂ ಇಲ್ಲ.

ಉಮ್ಮತ್ತೂರು, ಹೊರಡುವ ಮೊದಲು

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹುಟ್ಟೂರು ಉಮ್ಮತ್ತೂರು. ಅಪ್ಪ ಮತ್ತು ಚಿಕ್ಕಪ್ಪ ಇಬ್ಬರೂ ಕಂಸಾಳೆ ಹಿಡಿದವರು, ನಮ್ಮ ದೇವರು ಮಾದಪ್ಪನ ಪದ ಹೇಳುತ್ತಾ ಊರೂರು ತಿರುಗಿದವರು. ಕಂಸಾಳೆ ನೋಡದವರಿಗೆ ಹೇಳುತ್ತೇನೆ: ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ಹುರಿಗೆ ಕಟ್ಟಿದ ಕಂಚಿನ ತಟ್ಟೆ. ತಟ್ಟೆಯನ್ನು ಬೀಸಿ ನಮ್ಮ ಬಟ್ಟಲಿಗೆ ಹೊಡೆಯಬೇಕು, ಇನ್ನೊಮ್ಮೆ ಬೀಸಿ ಎದುರಿನವನ ಬಟ್ಟಲಿಗೆ ಹೊಡೆಯಬೇಕು. ಅದೂ ಕುಣಿಯುತ್ತಾ, ಬಾಗುತ್ತಾ, ಮಲಗಿ ಏಳುತ್ತಾ. ಒಬ್ಬ ತಪ್ಪಿದರೆ ಎದುರಿನವನ ಮೂಗು ಒಡೆಯುತ್ತದೆ. ಹಾಗಾಗಿ ಬೀಸು ಕಂಸಾಳೆಯವರು ಜೋಡಿಗಳಲ್ಲೇ ಕುಣಿಯುತ್ತಾರೆ.

ತೊಂಬತ್ತರ ದಶಕದ ನಡುಭಾಗ ಅದು. ನಮ್ಮದಿನ್ನೂ ಮೈಸೂರು ಜಿಲ್ಲೆ. ಇಂಗ್ಲೆಂಡಿನ ಶೆಫೀಲ್ಡ್ ಎಂಬ ಊರಿನ ಬೇಸಿಗೆಯ ಜನಪದ ಹಬ್ಬವೊಂದಕ್ಕೆ ನಮ್ಮ ತಂಡಕ್ಕೆ ಕರೆ ಬಂತು. ಕುಣಿಯುವವರು ಆರು ಜನ, ಮುಂದೆ ನಿಂತು ಪದ ಹೇಳಲು ಚಿಕ್ಕಪ್ಪ ಮಾದಯ್ಯ. ನನ್ನ ಜೋಡಿ ಗುಂಡ್ಲುಪೇಟೆಯ ಸಿದ್ದರಾಜು, ಬಂಡೀಪುರದಲ್ಲಿ ಅರಣ್ಯ ಇಲಾಖೆಯ ವಾಚರ್. ಇಂಗ್ಲಿಷ್ ಬರುತ್ತಿದ್ದವನು ನಾನೊಬ್ಬನೇ ಆದ್ದರಿಂದ ನನ್ನನ್ನು ಬಿಟ್ಟು ಹೋಗುವ ಹಾಗೂ ಇರಲಿಲ್ಲ.

ಆದರೂ ನಾನು ಕುಣಿಯಬಾರದೆಂದು ಚಿಕ್ಕಪ್ಪ ಹಟ ಹಿಡಿದ. ಹಿಂದಿನ ವರ್ಷವಷ್ಟೇ ನನಗೆ ಸಕ್ಕರೆ ಕಾಯಿಲೆ ಗೊತ್ತಾಗಿತ್ತು. ನಮ್ಮಪ್ಪ ಸತ್ತದ್ದೂ ಅದರಿಂದಲೇ. ಬರಿಗಾಲಲ್ಲಿ ಕುಣಿಯುವಾಗ ಆದ ಸಣ್ಣ ಗಾಯ, ಮಾಯಲೇ ಇಲ್ಲ. ಪಾದ ಕಪ್ಪಾಯಿತು, ಆಸ್ಪತ್ರೆಯಲ್ಲಿ ಕಾಲು ತೆಗೆದರು, ಆಮೇಲೆ ಅಪ್ಪ ಹೆಚ್ಚು ದಿನ ಇರಲಿಲ್ಲ. ಅಣ್ಣನ ತಲೆಯ ಹತ್ತಿರ ಕೂತು ನೋಡಿಕೊಂಡವನು ಚಿಕ್ಕಪ್ಪ. ನನ್ನನ್ನು ಓದಿಸಿ ಮೇಷ್ಟ್ರು ಮಾಡಿದವನೂ ಅವನೇ.

"ಬ್ಯಾಡ ಕಣ್ಲಾ, ಇಂಗ್ಲೀಸು ಮಾತಾಡಕ್ಕೆ ಬೇಕಾದ್ರೆ ಬಾ. ಕುಣಿಯಕ್ ಬ್ಯಾಡ" ಎಂದ.

"ಕುಣಿಯಕ್ಕೇ ಬರೋದು ನಾನು. ಇಂಗ್ಲೀಷು ಬಿಟ್ಟಿ" ಎಂದೆ.

ಮೈಸೂರಿನ ಡಾಕ್ಟರ ಹತ್ತಿರ ಹೋದೆ. ಅವರು ಕುಣಿಯಬೇಡಿ ಎನ್ನಲಿಲ್ಲ. ಊಟಕ್ಕೆ ಮುಂಚೆ ಮಾತ್ರೆ ತಪ್ಪಿಸಬೇಡಿ, ಪಾದ ದಿನಾ ನೋಡಿಕೊಳ್ಳಿ, ಅನ್ನ ಕಮ್ಮಿ ಮಾಡಿ, ಸಾರು ಪಲ್ಯ ಜಾಸ್ತಿ ಮಾಡಿ ಎಂದರು. ಈ ಕೊನೆಯ ಮಾತನ್ನು ನಾನು ಮಂತ್ರದಂತೆ ಬಾಯಿಪಾಠ ಮಾಡಿಕೊಂಡು ವಿಮಾನ ಹತ್ತಿದೆ. ಅದೇ ಮಂತ್ರ ಮುಂದೆ ನನ್ನ ತಲೆಗೆ ಬಂತು.

ಲಂಡನ್ ವಿಮಾನ ನಿಲ್ದಾಣ

ಈಗಿನಂತೆ ಬೆರಳು ಚುಚ್ಚಿ ನೋಡುವ ಯಂತ್ರ ಆಗ ನಮ್ಮ ಕಡೆ ಯಾರ ಮನೆಯಲ್ಲೂ ಇರಲಿಲ್ಲ. ಬೆನೆಡಿಕ್ಟ್ ದ್ರಾವಣ ಎಂಬ ನೀಲಿ ನೀರಿಗೆ ಕೆಲವು ಹನಿ ಮೂತ್ರ ಹಾಕಿ ಕಾಯಿಸಬೇಕು. ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಇನ್ನಷ್ಟು, ಕಿತ್ತಳೆಯಾದರೆ ಜೋಪಾನ, ಇಟ್ಟಿಗೆಯ ಕೆಂಪಾದರೆ ದೇವರೇ ಗತಿ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ದ್ರಾಕ್ಷಿ ರಸದಲ್ಲಿ ಮಾಡಿ ತೋರಿಸುತ್ತಿದ್ದ ಪ್ರಯೋಗವೇ ಇದು. ಆದ್ದರಿಂದ ನನ್ನ ಪೆಟ್ಟಿಗೆಯಲ್ಲಿ ನೀಲಿ ಬಾಟಲಿ, ಪ್ರನಾಳವೆಂಬ ನಾಲ್ಕು ಗಾಜಿನ ಕೊಳವೆ, ಒಂದು ಇಕ್ಕಳ, ಒಂದು ಮೇಣದ ಬತ್ತಿ ಇದ್ದವು.

ಕಸ್ಟಮ್ಸಿನ ಹುಡುಗಿ ಆ ಬಾಟಲಿಯನ್ನು ಬೆಳಕಿಗೆ ಹಿಡಿದು ಇದೇನು ಎಂದಳು. ಔಷಧವಲ್ಲ, ಪರೀಕ್ಷೆಗೆ ಎಂದೆ. ಯಾವ ಪರೀಕ್ಷೆ? ಮೂತ್ರದ್ದು. ಅವಳು ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟಳು. ಹಿಂದಿದ್ದ ಸಿದ್ದರಾಜುವಿನ ಚೀಲದಲ್ಲಿ ಕಂಚಿನ ತಾಳಗಳು ಕಂಡವು. ಇವೇನು ಎಂದು ಅವಳು ಕೇಳಿದ್ದೇ ತಡ, ಅವನು ತೆಗೆದು ಝಣ್ ಎಂದು ಒಂದು ಬಾರಿಸಿಯೇಬಿಟ್ಟ. ಆ ಸಾಲಿನಲ್ಲಿದ್ದ ಜನರೆಲ್ಲ ಚಪ್ಪಾಳೆ ತಟ್ಟಿದರು. ನಮ್ಮನ್ನು ಬೇಗ ಕಳಿಸಿದರು.

ಶೆಫೀಲ್ಡ್, ಮೊದಲ ಸಂಜೆ

ಶೆಫೀಲ್ಡಿನ ಬೀದಿಗಳು ಬಿಳಿಗಿರಿರಂಗನ ಬೆಟ್ಟದ ರಸ್ತೆಯ ಹಾಗೆ ಏರಿಳಿತ. ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಬೆಟ್ಟ ಹತ್ತುತ್ತವೆ. ರಜೆಯಿಂದ ಖಾಲಿಯಿದ್ದ ಕಾಲೇಜು ಹಾಸ್ಟೆಲೊಂದರಲ್ಲಿ ನಮ್ಮನ್ನು ಇಳಿಸಿದರು. ನೋಡಿಕೊಳ್ಳಲು ಮಾರ್ಗರೆಟ್ ಎಂಬ ನಿವೃತ್ತ ಲೈಬ್ರರಿಯನ್ ಇದ್ದರು. ಬೆಳ್ಳಗಿನ ಕೂದಲು, ಸದಾ ಕೈಯಲ್ಲಿ ಛತ್ರಿ. ಮಳೆ ಬಾರದ ದಿನ ಛತ್ರಿಯನ್ನು ಹೊತ್ತದ್ದು ದಂಡವಾಯಿತಲ್ಲ ಎಂದು ಅವರಿಗೆ ಬೇಸರವಾಗುತ್ತಿತ್ತು.

ನಿಮ್ಮವರು ಏನು ಉಣ್ಣುತ್ತಾರೆ ಎಂದು ಅವರು ಮೊದಲೇ ಕಾಗದ ಬರೆದು ಕೇಳಿದ್ದರು. ಅನ್ನ ಎಂದು ನಾನೇ ಉತ್ತರ ಬರೆದಿದ್ದೆ. ರಾಗಿ ಮುದ್ದೆಯನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೋದವರು ಗೆದ್ದದ್ದನ್ನು ನಾನು ಕಂಡಿಲ್ಲ. ಅನ್ನ ಎಂದರೆ ಮಾರ್ಗರೆಟ್ಟಿಗೆ ಹೊಳೆದದ್ದು ಹಾಸ್ಟೆಲಿನ ಇಳಿಜಾರಿನ ಕೆಳಗಿದ್ದ ಚೀನೀ ಅಂಗಡಿ. ಕೂತು ಉಣ್ಣುವ ಹೋಟೆಲಲ್ಲ, ಬರೀ ಪಾರ್ಸೆಲ್. ಪ್ರತಿ ಸಂಜೆ ಅಲ್ಲಿಂದ ಊಟ ತರಿಸುವುದೆಂದು ತೀರ್ಮಾನವಾಗಿತ್ತು.

ಡಬ್ಬಿಗಳು ಬಂದವು. ತೆಳ್ಳನೆಯ ತಗಡಿನ ಡಬ್ಬಿ, ಮೇಲೆ ರಟ್ಟಿನ ಮುಚ್ಚಳ. ಒಂದರಲ್ಲಿ ಹುರಿದ ಅನ್ನ, ಒಂದರಲ್ಲಿ ಶಾವಿಗೆಯಂಥದ್ದು, ಒಂದರಲ್ಲಿ ಕರಿದ ಕೋಳಿ, ಇನ್ನೊಂದರಲ್ಲಿ ಹೊಳೆಯುವ ಕೆಂಪು ಸಾರು, ಅದರೊಳಗೆ ದಪ್ಪ ಮೆಣಸಿನಕಾಯಿ, ಈರುಳ್ಳಿ, ಅನಾನಸ್.

ಸಿದ್ದರಾಜು ಶಾವಿಗೆಯನ್ನು ಎತ್ತಿ ನೋಡಿದ. "ಒತ್ತು ಶಾವ್ಗೆ ಮಾಡವ್ರೆ. ಕಾಯಾಲು ಮರ್ತುಬುಟ್ಟವ್ರೆ. ಮೇಷ್ಟ್ರೇ, ಕೇಳಿ ಆಯಮ್ಮನ್ನ."

ಚಿಕ್ಕಪ್ಪ ಎರಡು ತುತ್ತು ನುಂಗಿದ. ನಮ್ಮಲ್ಲಿ ಮುದ್ದೆ ಅಗಿಯುವವನು ಗಂಡಸೇ ಅಲ್ಲ. ಆ ಅಭ್ಯಾಸದಲ್ಲಿ ಅವನು ಶಾವಿಗೆಯನ್ನೂ ಅಗಿಯದೆ ನುಂಗಿದ. ಒಂದು ತುದಿ ಹೊಟ್ಟೆಗಿಳಿದು ಇನ್ನೊಂದು ತುದಿ ಬಾಯಲ್ಲೇ ಉಳಿದು ಕಣ್ಣು ಕೆಂಪಾಯಿತು. ಮಾರ್ಗರೆಟ್ ಓಡಿಬಂದು ಬೆನ್ನು ತಟ್ಟಿದರು.

ನಾನು ಮಾತ್ರ ಶಿಸ್ತಿನ ಸಿಪಾಯಿ. ಮಾತ್ರೆ ನುಂಗಿದೆ. ಅನ್ನವನ್ನು ಒಂದು ಹಿಡಿಯಷ್ಟು ಬಿಟ್ಟು ಉಳಿದದ್ದನ್ನು ಪಕ್ಕಕ್ಕೆ ತಳ್ಳಿದೆ. ಶಾವಿಗೆ ಮುಟ್ಟಲಿಲ್ಲ. ಡಾಕ್ಟರ ಮಾತಿನಂತೆ ಸಾರು ಜಾಸ್ತಿ ಮಾಡಿದೆ. ಒಂದು ಡಬ್ಬಿ ಸಾರು ಪೂರ್ತಿ ಮುಗಿಸಿ, ಸಿದ್ದರಾಜು ಬಿಟ್ಟಿದ್ದನ್ನೂ ಸುರಿದುಕೊಂಡು ಚಮಚದಲ್ಲಿ ಕುಡಿದೆ. ಸ್ವಲ್ಪ ಸಿಹಿ ಅನ್ನಿಸಿತು. ನಮ್ಮಲ್ಲೂ ಸಾರಿಗೆ ಚೂರು ಬೆಲ್ಲ ಹಾಕುವವರಿದ್ದಾರಲ್ಲ ಎಂದುಕೊಂಡೆ. ಸಾರಿನಿಂದ ಯಾರಿಗಾದರೂ ಸಕ್ಕರೆ ಏರಿದ್ದುಂಟೇ? ಬಹಳ ನೆಮ್ಮದಿಯಿಂದ ಮಲಗಿದೆ.

ಮಾರನೆಯ ಬೆಳಗ್ಗೆ, ಹುಲ್ಲಿನ ಮೇಲೆ

ಬೆಳಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು ಮೇಣದ ಬತ್ತಿ ಹಚ್ಚಿ, ಪ್ರನಾಳವನ್ನು ಇಕ್ಕಳದಲ್ಲಿ ಹಿಡಿದು ಕಾಯಿಸತೊಡಗಿದೆ. ನೀಲಿ ಮಾಯವಾಯಿತು. ಹಸಿರನ್ನು ದಾಟಿತು, ಹಳದಿಯಲ್ಲಿ ನಿಲ್ಲಲಿಲ್ಲ, ಕಿತ್ತಳೆಯಲ್ಲೂ ನಿಲ್ಲಲಿಲ್ಲ. ಇಟ್ಟಿಗೆ! ಗಾಬರಿಯಲ್ಲಿ ಕೊಳವೆಯನ್ನು ಬೆಂಕಿಯಿಂದ ತೆಗೆಯುವುದನ್ನೇ ಮರೆತೆ, ದ್ರಾವಣ ಉಕ್ಕಿ ಬತ್ತಿಯ ಮೇಲೆ ಬಿತ್ತು. ಗಪ್ಪನೆ ಹೊಗೆ ಎದ್ದಿತು. ಅದೇ ಗಳಿಗೆಗೆ ತಲೆಯ ಮೇಲಿದ್ದ ಯಾವುದೋ ಬಿಳಿ ಡಬ್ಬಿ ಕಿಟಾರನೆ ಕಿರುಚಿಕೊಂಡಿತು. ಇಡೀ ಹಾಸ್ಟೆಲಿನ ಗಂಟೆಗಳೆಲ್ಲ ಅದರ ಜೊತೆ ಸೇರಿಕೊಂಡವು.

ಅಲ್ಲಿಯ ಕಾಯಿದೆ, ಗಂಟೆ ಹೊಡೆದರೆ ಎಲ್ಲರೂ ಹುಲ್ಲಿನ ಮೇಲೆ ಬಂದು ನಿಲ್ಲಬೇಕು. ಪೋಲೆಂಡಿನಿಂದ ಬಂದಿದ್ದ ಹಾಡುಗಾರ್ತಿಯರು ರಾತ್ರಿಯುಡುಪಿನಲ್ಲಿ, ನಮ್ಮವರು ಪಂಚೆಯಲ್ಲಿ, ನಾನು ಕೈಯಲ್ಲಿ ಇಟ್ಟಿಗೆ ಕೆಂಪಿನ ಪ್ರನಾಳ ಹಿಡಿದುಕೊಂಡು. ಕೆಂಪು ಅಗ್ನಿಶಾಮಕ ವಾಹನವೂ ಬಂತು. ಊರಲ್ಲಿ ಬಣವೆ ಸುಟ್ಟು ಬೂದಿಯಾದ ಮೇಲೆ ಬರುವುದನ್ನು ನೋಡಿದ್ದ ನನಗೆ, ಒಂದು ಮೇಣದ ಬತ್ತಿಗೆ ಇಷ್ಟು ಬೇಗ ಬಂದರಲ್ಲ ಎಂದು ಆಶ್ಚರ್ಯವಾಯಿತು.

ಮಾರ್ಗರೆಟ್ ಎಲ್ಲ ಕೇಳಿಸಿಕೊಂಡು ಬೈಯಲಿಲ್ಲ. ಇನ್ನು ಮೇಲೆ ಕೆಳಗಿನ ಅಡುಗೆಮನೆಯಲ್ಲಿ ಪಾತ್ರೆಯ ಬಿಸಿನೀರಿನಲ್ಲಿ ಪ್ರನಾಳ ಇಟ್ಟು ಕಾಯಿಸಿ ಎಂದರು. ಸಮಸ್ಯೆ ಬಗೆಹರಿಯಿತು. ಆದರೆ ಗುಟ್ಟು ಅಲ್ಲಿಗೆ ರಟ್ಟಾಯಿತು. ಯಾರಿಗೂ ತೋರಿಸದೆ ಮಾಡಿಕೊಳ್ಳಬೇಕೆಂದಿದ್ದ ಪರೀಕ್ಷೆ ಇಡೀ ತಂಡದ ಎದುರಿಗೆ ಬಂತು.

ಚಿಕ್ಕಪ್ಪ ಪ್ರನಾಳವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಅವನಿಗೆ ಓದು ಬರದು, ಬಣ್ಣ ಗೊತ್ತಾಗದೆ ಇರುತ್ತದೆಯೇ?

"ಭಾನುವಾರ ಪಾರ್ಕಲ್ಲಿ ದೊಡ್ ಆಟ" ಎಂದ. "ಅವತ್ ಬೆಳಿಗ್ಗೆ ಈ ಗಾಜಿನ ಕೊಳವೆ ನೋಡ್ತೀನಿ. ಕೆಂಪಾದ್ರೆ ಕುಂತ್ಕ. ಮೂರ್ ಜೋಡಿ ಬದ್ಲು ಎರಡ್ ಜೋಡಿ ಕುಣೀಲಿ. ನಿಮ್ಮಪ್ಪನ ಕಾಲು ನೋಡಿರ ಕಣ್ಣು ಇವು, ನಿನ್ನ ಕಾಲು ನೋಡಕ್ಕಾಗಲ್ಲ ನನಗೆ."

"ನಾ ಏನ್ ತಪ್ ಮಾಡ್ದೆ?" ಎಂದ ಸಿದ್ದರಾಜು. "ಇವ್ರು ಕುಂತ್ರೆ ನಾನೂ ಕುಂತ್ಕಬೇಕಲ್ಲ!"

"ಕೆಂಪಾಗಲ್ಲ" ಎಂದೆ. ಹೇಳಿದ್ದೇನೋ ಗಟ್ಟಿಯಾಗಿಯೇ. ಹೇಗೆ ಎಂಬುದು ನನಗೂ ತಿಳಿದಿರಲಿಲ್ಲ.

ಅಡುಗೆಮನೆಯ ಪ್ರಯೋಗಶಾಲೆ

ಅನ್ನ ಬಿಟ್ಟವನಿಗೆ ಸಕ್ಕರೆ ಏರಿದ್ದು ಎಲ್ಲಿಂದ? ಮೇಷ್ಟ್ರ ಬುದ್ಧಿ ಸುಮ್ಮನಿರುವುದಿಲ್ಲ. ಆ ಸಂಜೆ ಡಬ್ಬಿಗಳು ಬಂದಾಗ ಉಣ್ಣುವ ಮೊದಲು ಒಂದೊಂದರಿಂದ ಚೂರು ಚೂರು ತೆಗೆದು ಪ್ರನಾಳಗಳಿಗೆ ಹಾಕಿ ನೀಲಿ ನೀರಿನ ಜೊತೆ ಕಾಯಿಸಿದೆ. ಶಾವಿಗೆಗೆ ಹಾಕಿದ್ದ ಸೋಯಾ ಎಂಬ ಕರಿ ರಸ ಹಸಿರಾಯಿತು. ಕೋಳಿ ನೀಲಿಯಾಗೇ ಉಳಿಯಿತು. ಕೆಂಪು ಸಾರು ಹಾಕಿದ್ದೇ ತಡ, ನಿಂತ ಹೆಜ್ಜೆಯಲ್ಲಿ ಇಟ್ಟಿಗೆಯಾಯಿತು!

ನಾನು ಕುಡಿದದ್ದು ಸಾರಲ್ಲ, ಪಾಕ. ಹುಳಿ ಹಾಕಿ ಕುದಿಸಿದ ಸಕ್ಕರೆ ಪಾಕ, ಮೇಲೆ ಮಂದವಾಗಲೆಂದು ಮುಸುಕಿನ ಜೋಳದ ಹಿಟ್ಟು. ಡಾಕ್ಟರು ಸಾರು ಎಂದಾಗ ಅವರ ತಲೆಯಲ್ಲಿದ್ದದ್ದು ಹುರುಳಿ ಬಸ್ಸಾರು. ನಾನು ಸಾರಿನ ಹಾಗೆ ಕಂಡದ್ದನ್ನೆಲ್ಲ ಸಾರು ಅಂದುಕೊಂಡೆ. ಉಮ್ಮತ್ತೂರಿನವನಲ್ಲದೆ ಬೇರೆ ಯಾರೂ ಅನ್ನ ಪಕ್ಕಕ್ಕಿಟ್ಟು ಪಾಕ ಕುಡಿದು ಪಥ್ಯ ಎಂದು ಹೇಳಿಕೊಳ್ಳುತ್ತಿರಲಿಲ್ಲ.

ಅನ್ನವೂ ನೀಲಿಯಾಗೇ ಉಳಿದದ್ದನ್ನು ಕಂಡು ಸಿದ್ದರಾಜು ಕುಣಿದಾಡಿದ. "ನೋಡಿ ಮೇಷ್ಟ್ರೇ, ಅನ್ನದಲ್ಲಿ ಏನೂ ಇಲ್ಲ! ಉಣ್ಣಿ!"

"ಕೊಳವೇಲಿ ಇಲ್ಲ ಕಣಯ್ಯ, ಹೊಟ್ಟೇಲಿ ಅದೇ ಸಕ್ಕರೆ ಆಗುತ್ತೆ" ಎಂದು ಪಿಷ್ಟದ ಪಾಠ ಶುರು ಮಾಡಿದೆ. ಅವನು ಅಷ್ಟರಲ್ಲಿ ನನ್ನ ಪಾಲಿನ ಶಾವಿಗೆ ಮುಗಿಸಿದ್ದ.

ಇಳಿಜಾರಿನ ಅಂಗಡಿ

ಮಾರನೆಯ ಸಂಜೆ ನಾನೇ ಅಂಗಡಿಗೆ ಹೋದೆ. ಎತ್ತರದ ಕಟ್ಟೆ, ಹಿಂದೆ ಹೊಗೆ, ಹೊಗೆಯೊಳಗೆ ದೊಡ್ಡ ಬಾಣಲೆ ಆಡಿಸುವ ಗಂಡ, ಮುಂದೆ ಹೆಂಡತಿ. ಹಾಂಗ್‌ಕಾಂಗಿನಿಂದ ಬಂದವರು, ಹೆಂಡತಿಯ ಹೆಸರು ಮಿಸೆಸ್ ವಾಂಗ್. ಮುಗುಳ್ನಗುವ ಪೈಕಿ ಅಲ್ಲ.

"ಸಾರಿಲ್ಲದೆ ಊಟ ಬೇಕು" ಎಂದೆ.

"ಯಾವ ಊಟ?"

"ಯಾವುದಾದರೂ. ಸಕ್ಕರೆ ಬೇಡ, ಹಿಟ್ಟು ಬೇಡ, ಕರಿದದ್ದು ಬೇಡ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹಾಗಾದರೆ ಇಲ್ಲಿಗೆ ಯಾಕೆ ಬಂದೆ?"

ಅವಳ ಕೋಪ ನನಗೆ ಅರ್ಥವಾಯಿತು. ಗುಂಡ್ಲುಪೇಟೆಯ ಹೋಟೆಲಿಗೆ ಹೋಗಿ ಮಸಾಲೆ ದೋಸೆ ಕೊಡಿ, ಆದರೆ ಪಲ್ಯ ಬೇಡ, ಚಟ್ನಿ ಬೇಡ, ಎಣ್ಣೆ ಬೇಡ ಎಂದರೆ ಮಾಲೀಕ ಮಾತಾಡಿಸುತ್ತಾನೆಯೇ? ಆದರೆ ನಾನೂ ಬಿಡುವ ಪೈಕಿ ಅಲ್ಲ. ನನ್ನ ಹಿಂದೆ ನಿಂತವರಿಗೆಲ್ಲ ದಾರಿ ಬಿಟ್ಟುಕೊಟ್ಟೆ. ಎಲ್ಲರೂ ಹೋದ ಮೇಲೆ ಮತ್ತೆ ಕಟ್ಟೆಯ ಮುಂದೆ ನಿಂತೆ. ಅವಳು ಹೋಗು ಎಂದಳು. ನಾನು ಹೋಗಲಿಲ್ಲ. ಕೊನೆಗೆ, ಭಾನುವಾರ ಪಾರ್ಕಿನಲ್ಲಿ ಕುಣಿಯಬೇಕು, ಈ ಕಾಯಿಲೆ ಇದೆ, ನಿನ್ನ ಕೆಂಪು ಸಾರು ಕುಡಿದರೆ ನನ್ನನ್ನು ಕೂರಿಸುತ್ತಾರೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಕುಣಿಯುತ್ತೀಯ? ನೀನು?" ಎಂದಳು. ನನ್ನ ಬೋಳು ತಲೆಯನ್ನೂ ಕನ್ನಡಕವನ್ನೂ ನೋಡಿ ಅವಳಿಗೆ ಮೊದಲ ಸಲ ನಗು ಬಂತು. ಒಳಗೆ ತಿರುಗಿ ಗಂಡನಿಗೆ ಏನೋ ಕೂಗಿದಳು. ಅವನೂ ಇಣುಕಿ ನೋಡಿ ನಕ್ಕ.

ಆ ಸಂಜೆ ಬಂದದ್ದು ಅವರ ಮನೆಯವರು ಹಿಂದೆ ಕೂತು ಉಣ್ಣುವ ಊಟ. ಶುಂಠಿ ಹಾಕಿ ಆವಿಯಲ್ಲಿ ಬೇಯಿಸಿದ ಮೀನು, ನಮ್ಮ ದಂಟಿನ ಸೊಪ್ಪಿನಂಥ ಸೊಪ್ಪು, ಮೊಟ್ಟೆ ಒಡೆದು ಹಾಕಿದ ತಿಳಿ ಸಾರು. ಇದು ನಿಜವಾದ ಸಾರು. ಅನ್ನವನ್ನು ನಾನು ಅಂಗೈಯಲ್ಲಿ ಉಂಡೆ ಕಟ್ಟಿ ಸಣ್ಣ ಮುದ್ದೆಯಷ್ಟಕ್ಕೆ ನಿಲ್ಲಿಸಿದೆ. ಅಳತೆಗೆ ಅದಕ್ಕಿಂತ ನಂಬಿಕೆಯ ಬಟ್ಟಲು ನನಗೆ ಗೊತ್ತಿಲ್ಲ. ಪ್ರತಿ ಬೆಳಗ್ಗೆ ಎಲ್ಲರೂ ಒಲೆಯ ಸುತ್ತ ನೆರೆಯುತ್ತಿದ್ದರು. ಕೆಂಪು ಕಿತ್ತಳೆಗೆ ಇಳಿಯಿತು. ಕಿತ್ತಳೆ ಹಳದಿಗೆ ಇಳಿಯಿತು. ಪೋಲೆಂಡಿನ ಹಾಡುಗಾರ್ತಿಯರೂ ಬಂದು ಇವತ್ತು ಯಾವ ಬಣ್ಣ ಎಂದು ಕೇಳಿ ಹೋಗತೊಡಗಿದರು.

ಶುಕ್ರವಾರ

ಹಳದಿಯಿಂದ ಹಸಿರಿಗೆ ಬಂದ ಮೇಲೆ ನನಗೆ ಆಸೆ ಹೆಚ್ಚಿತು. ಚಿಕ್ಕಪ್ಪ ಬಾಯಿ ಮುಚ್ಚಬೇಕಾದರೆ ನೀಲಿಯೇ ಬೇಕು ಎಂದುಕೊಂಡೆ. ಗುರುವಾರ ರಾತ್ರಿ ಅನ್ನ ಮುಟ್ಟಲಿಲ್ಲ. ಶುಕ್ರವಾರ ಬೆಳಗ್ಗೆ ಮಾತ್ರೆ ನುಂಗಿ ಒಂದು ಮೊಟ್ಟೆ ತಿಂದು ಎದ್ದೆ. ಕೊಳವೆ ನೀಲಿ! ಬೆಳಗಿನ ಆಕಾಶದಂಥ ನೀಲಿ. ಸಿದ್ದರಾಜು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಚಿಕ್ಕಪ್ಪನೂ ತಲೆಯಾಡಿಸಿದ. ಆ ಜಂಬದಲ್ಲಿ ಮಧ್ಯಾಹ್ನ ಇನ್ನೊಂದು ಮಾತ್ರೆ ನುಂಗಿದೆ, ಊಟಕ್ಕೆ ಸೊಪ್ಪು ಮಾತ್ರ ಎಂದೆ.

ಅಭ್ಯಾಸ ಮುಗಿಸಿ ಸಿದ್ದರಾಜುವಿನ ಜೊತೆ ಇಳಿಜಾರು ಇಳಿಯುವಾಗ ಕಾಲು ನನ್ನದಲ್ಲ ಅನ್ನಿಸಿತು. ಬೆವರು ತೊಟ್ಟಿಕ್ಕಿತು. ಆ ದೇಶದಲ್ಲಿ ಬೆವರುವವರು ಯಾರಿದ್ದಾರೆ? ಕೈ ನಡುಗಿತು, ಎದೆ ಡವಡವ ಎಂದಿತು. ಅಂಗಡಿಯ ಬಾಗಿಲು ಕಂಡಿತು, ಒಳಗೆ ಹೋಗಿ ಕಟ್ಟೆ ಹಿಡಿದುಕೊಂಡೆ. ಮಾತು ತೊದಲಿತು. ಸಿದ್ದರಾಜು "ಮೇಷ್ಟ್ರೇ, ಮೇಷ್ಟ್ರೇ" ಎಂದು ಕೂಗುತ್ತಿದ್ದದ್ದು ಎಲ್ಲೋ ಕೆರೆಯಾಚೆಯಿಂದ ಕೇಳಿದ ಹಾಗಿತ್ತು. "ಸಕ್ಕರೆ" ಎಂದೆ. ಕನ್ನಡದಲ್ಲಿ ಎಂದೆನೋ ಇಂಗ್ಲಿಷಿನಲ್ಲೋ ತಿಳಿಯದು.

ಮಿಸೆಸ್ ವಾಂಗ್ ಕೈಗೆ ಸಿಕ್ಕಿದ್ದನ್ನು ತಂದಳು. ಬೋಗುಣಿ ತುಂಬ ಕೆಂಪು ಸಾರು. ನಾನು ಬೇಡ ಎಂದು ಇದೇ ಕಟ್ಟೆಯ ಮುಂದೆ ಜಗಳಾಡಿದ ಅದೇ ಸಾರು. ಬೋಗುಣಿ ಎತ್ತಿ ಕುಡಿದೆ. ಹುಳಿ ಸಿಹಿ ಗದ್ದದ ಮೇಲೆ ಇಳಿಯಿತು. ಅವಳ ಗಂಡ ಅನ್ನ ತಂದ. ಅದನ್ನೂ ನುಂಗಿದೆ. ಸ್ವಲ್ಪ ಹೊತ್ತಿನಲ್ಲಿ ಪ್ರಪಂಚ ಸ್ವಸ್ಥಾನಕ್ಕೆ ಬಂತು. ಮಿಸೆಸ್ ವಾಂಗ್ ಹಣೆ ಒರೆಸಿಕೊಂಡು, "ನಾಳೆಯಿಂದ ಅನ್ನ ತಿನ್ನದೆ ಈ ಬಾಗಿಲು ದಾಟುವ ಹಾಗಿಲ್ಲ" ಎಂದು ಬೈದಳು.

ನಾನು ಅದುವರೆಗೆ ಅಷ್ಟು ಹೆದರಿದ್ದಿಲ್ಲ. ನೀಲಿ ಎಂದರೆ ಸಕ್ಕರೆ ಹೆಚ್ಚಿಲ್ಲ ಎಂದಷ್ಟೇ ಅರ್ಥ. ಸರಿಯಾಗಿದೆಯೋ, ಸಾಯುವಷ್ಟು ಕಮ್ಮಿಯಾಗಿದೆಯೋ, ಆ ಕೊಳವೆ ಹೇಳುವುದಿಲ್ಲ. ಅನ್ನವಿಲ್ಲದ ಹೊಟ್ಟೆಗೆ ಮಾತ್ರೆಯ ಮೇಲೆ ಮಾತ್ರೆ ನುಂಗಿ ನಾನೇ ಅದನ್ನು ಅಷ್ಟು ಇಳಿಸಿಕೊಂಡಿದ್ದೆ. ಇದು ನನಗೆ ಗೊತ್ತಿದ್ದ ಪಾಠ.

ಚಿಕ್ಕಪ್ಪನಿಗೆ ಹೇಳಬಾರದೆಂದು ಸಿದ್ದರಾಜುವಿನಿಂದ ಭಾಷೆ ತೆಗೆದುಕೊಂಡೆ. ಅವನು ಹಾಸ್ಟೆಲಿನ ಮೆಟ್ಟಿಲಲ್ಲೇ ಹೇಳಿಬಿಟ್ಟ. "ಮೇಷ್ಟ್ರು ಓಗ್ಬುಡ್ತಿದ್ರು ಕಣ ಮಾದಣ್ಣ!"

ಚಿಕ್ಕಪ್ಪ ಬೈಯಲಿಲ್ಲ. ನನ್ನ ಮಂಚದ ಪಕ್ಕ ಬಂದು ಕೂತು ನನ್ನ ಪಾದಗಳನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಬೆರಳ ಸಂದಿಯನ್ನೆಲ್ಲ ನೋಡಿದ. ಗಾಯ ಇರಲಿಲ್ಲ.

"ಯಾಕ್ಲಾ ಇಷ್ಟ್ ಅಟ?"

"ಅಪ್ಪನಿಗೆ ಈ ಕಾಯಿಲೆ ಅಂತ ಗೊತ್ತಾಗೋ ಹೊತ್ತಿಗೆ ಕಾಲೇ ಇರ್ಲಿಲ್ಲ ಚಿಕ್ಕಪ್ಪ. ನಂಗೆ ಗೊತ್ತಾಗಿದೆ. ಗೊತ್ತಿದ್ದೂ ಕೂತ್ಕೊಂಡ್ರೆ ಗೊತ್ತಾಗಿ ಏನು ಪ್ರಯೋಜನ? ಬದುಕೋದು ಅಂದ್ರೆ ಕುಣೀಬೇಕು ನಾನು."

ಅವನು ಎದ್ದು ನೀರು ಕುಡಿಯಲು ಹೋದ.

ಭಾನುವಾರ, ಪಾರ್ಕು

ಶನಿವಾರ ಹೊತ್ತಿಗೆ ಹೊತ್ತಿಗೆ ಸರಿಯಾಗಿ ಒಂದು ಮುದ್ದೆಯಷ್ಟು ಅನ್ನ, ಮೀನು, ಸೊಪ್ಪು ಉಂಡೆ. ಭಾನುವಾರ ಬೆಳಗ್ಗೆ ಅಡುಗೆಮನೆಗೆ ಹೋದಾಗ ಚಿಕ್ಕಪ್ಪ ಆಗಲೇ ಒಲೆಯ ಮುಂದೆ ನಿಂತಿದ್ದ. ಉಳಿದವರು ಇನ್ನೂ ಎದ್ದಿರಲಿಲ್ಲ. ನನ್ನ ಕೊಳವೆ ಕಾಯಿತು. ತಿಳಿ ಹಸಿರು.

"ನೀಲಿ ಅಲ್ಲ, ಆದ್ರೆ ಇದೇ ಒಳ್ಳೇದು" ಎಂದು ನಾನು ವಾದಕ್ಕೆ ಸಿದ್ಧನಾದೆ. "ಕುಣಿಯೋನ ಹೊಟ್ಟೇಲಿ ಅನ್ನ ಇರ್ಬೇಕು..."

"ಕುಣಿಯಪ್ಪ, ಕುಣಿ" ಎಂದ. ವಾದವೇ ಬೇಕಾಗಲಿಲ್ಲ. ಆಮೇಲೆ ಮೇಲುಹೊದಿಕೆಯ ಒಳಗಿನಿಂದ ಒಂದು ಸಣ್ಣ ಲೋಟ ತೆಗೆದು ಒಲೆಯ ಪಕ್ಕ ಇಟ್ಟ. ನನ್ನ ಮುಖ ನೋಡಲಿಲ್ಲ.

"ನಂದೂ ಒಂದ್ಸಲ ಕಾಯ್ಸಿ ನೋಡ್ಲಾ."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ವರ್ಸದಿಂದ ಬಾಯಾರ್ಕೆ ಕಣ್ಲಾ. ರಾತ್ರಿಯೆಲ್ಲ ನಾಕೈದು ಸಲ ಎದ್ದೋಗ್ಬೇಕು. ಪಾದ ಜೋಮು ಇಡ್ಕಂಡಂಗೆ. ವಯಸ್ಸಾಯ್ತು ಅಂದ್ಕಂಡಿದ್ದೆ. ಅಂದ್ಕಂಡಿದ್ದೆ ಅನ್ನೋದೂ ಸುಳ್ಳೇ. ನೋಡಕ್ಕೆ ಭಯ."

ಹನಿ ಎಣಿಸಿ ಹಾಕಿದೆ. ಕೊಳವೆಯನ್ನು ಬಿಸಿನೀರಿನಲ್ಲಿಟ್ಟು ಇಬ್ಬರೂ ನಿಂತೆವು. ನೀಲಿ ಹೋಯಿತು. ಹಸಿರು ಕಾಣಲೇ ಇಲ್ಲ. ಕೆಂಪು, ನಾನು ಸಾರು ಕುಡಿದ ದಿನಕ್ಕಿಂತ ದಟ್ಟ ಕೆಂಪು ತಳದಲ್ಲಿ ಕೂತಿತು. ಅಪ್ಪನ ಮಂಚ ಕಣ್ಣ ಮುಂದೆ ಬಂತು.

ಚಿಕ್ಕಪ್ಪ ಕೊಳವೆಯನ್ನು ನೋಡಿದ. ತಲೆಯ ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ.

"ಸರಿ. ನಾ ಏಳಿದ್ ಮಾತು ನಂಗೂ ಒಂದೇ. ನಾನು ಬರಲ್ಲ. ಪದ ನೀನೇ ಏಳ್ಕಂಡು ಕುಣೀರಿ."

ನನಗೆ ಸಿಟ್ಟು ಬಂತು. ಜೀವನದಲ್ಲಿ ಅವನ ಮೇಲೆ ದನಿ ಎತ್ತಿದವನಲ್ಲ, ಅವತ್ತು ಎತ್ತಿದೆ.

"ಕೆಂಪಾದ್ರೆ ಕುಂತ್ಕ ಅಂದೆ. ಮನೇಲಿ ಕುಂತ್ಕ ಅಂದ್ಯಾ? ಬಾಯಿ ಮುಚ್ಕಂಡು ಕುಂತ್ಕ ಅಂದ್ಯಾ? ಪದ ಹೇಳಕ್ಕೆ ಕಾಲು ಯಾಕೆ ಬೇಕು? ಕುರ್ಚಿ ಹಾಕಿಸ್ತೀನಿ. ಕುಂತ್ಕಂಡು ಹೇಳು."

"ಕುಂತ್ಕಂಡು ಪದ ಏಳೋದುಂಟಾ ಮೇಳದಲ್ಲಿ? ಮಾದಪ್ಪ ಮೆಚ್ತನಾ?"

"ಮಾದಪ್ಪನಿಗೆ ನಿನ್ನ ಕಾಲು ಬೇಕಾ, ಗಂಟಲು ಬೇಕಾ? ಊರಿಗೆ ಹೋದ ದಿನವೇ ಮೈಸೂರಿಗೆ ಕರ್ಕೊಂಡು ಹೋಗ್ತೀನಿ. ಇವತ್ತು ಕುರ್ಚಿ."

ಹೆದರಿಕೆಯಲ್ಲಿ ಇಷ್ಟು ಗಟ್ಟಿಯಾಗಿ ಮಾತಾಡಬಹುದೆಂದು ನನಗೆ ಗೊತ್ತಿರಲಿಲ್ಲ. ಅವನು ತನ್ನ ಪಾದ ನೋಡಿಕೊಂಡು, "ಚಪ್ಲಿ ಆಕ್ಕಬೇಕಾ?" ಎಂದ.

"ಹಾಕ್ಕೊಬೇಕು" ಎಂದೆ.

ಪಾರ್ಕಿನಲ್ಲಿ ಬಿಸಿಲು ಬಿದ್ದಿತ್ತು. ಮಾರ್ಗರೆಟ್ ಬೇಸರದಿಂದ ಛತ್ರಿ ಮಡಚಿಕೊಂಡು ಕೂತಿದ್ದರು. ವೇದಿಕೆಯ ಹಲಗೆಯಲ್ಲಿ ಎಲ್ಲೂ ಮೊಳೆ ಎದ್ದಿಲ್ಲವೆಂದು ನಾನೂ ಸಿದ್ದರಾಜುವೂ ಅಂಗೈಯಿಂದ ಸವರಿ ನೋಡಿದೆವು. ನಡುವೆ ಒಂದು ಕುರ್ಚಿ. ಅದರಲ್ಲಿ ಚಿಕ್ಕಪ್ಪ, ರುಮಾಲು ಕಟ್ಟಿ, ವಿಭೂತಿ ಹಚ್ಚಿ, ಕಾಲಿಗೆ ಚಪ್ಪಲಿ ಹಾಕಿಕೊಂಡು. ಹೀಗೆ ಕಂಸಾಳೆ ಮೇಳ ಹಿಂದೆ ನಡೆದಿರಲಿಕ್ಕಿಲ್ಲ. ಅವನು ಕಣ್ಣು ಮುಚ್ಚಿ ಮಾದಪ್ಪನಿಗೆ ಉಘೇ ಎಂದು ಪದ ಎತ್ತಿಕೊಂಡ. ದನಿಯಲ್ಲಿ ಯಾವ ಕಾಯಿಲೆಯೂ ಇರಲಿಲ್ಲ.

ಅವನ ಸುತ್ತ ಮೂರು ಜೋಡಿ ಬೀಸಿದೆವು. ನಾನು ಮಲಗಿ ಬೀಸಿದೆ, ಎದ್ದು ಬೀಸಿದೆ, ಸಿದ್ದರಾಜುವಿನ ಬಟ್ಟಲಿಗೆ ಒಂದು ಪೆಟ್ಟೂ ತಪ್ಪಲಿಲ್ಲ. ಪದ ಏರಿದಂತೆ ಚಿಕ್ಕಪ್ಪನ ಮೊಣಕಾಲು ಏಳಲು ಹವಣಿಸುತ್ತಿದ್ದದ್ದು ಕಾಣುತ್ತಿತ್ತು. ಪ್ರತಿ ಸಲವೂ ಅವನು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದು ಕೂತ. ಏಳಲಿಲ್ಲ. ನನಗೆ ಅಳು ಒತ್ತಿಕೊಂಡು ಬಂತು. ಎರಡೂ ಕೈಯಲ್ಲಿ ಕಂಚು ಇದ್ದದ್ದರಿಂದ ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ.

ಆಟ ಮುಗಿದ ಮೇಲೆ ಹುಲ್ಲಿನ ಮೇಲೆ ಊಟ. ಎಂದಿನಂತೆ ಡಬ್ಬಿಗಳು ಬಂದವು. ಎಲ್ಲರೂ ತೆರೆದರು, ಚಿಕ್ಕಪ್ಪ ಮಾತ್ರ ತನ್ನದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ನಾನು ಓದಲು ಹೋದ ದಿನದಿಂದ ಮದುವೆಯಾದ ದಿನದವರೆಗೆ ಏನು ಮಾಡಬೇಕೆಂದು ನನಗೆ ಹೇಳಿದವನು ಅವನು. ಒಂದು ಸಲವೂ ನನ್ನನ್ನು ಏನನ್ನೂ ಕೇಳಿದವನಲ್ಲ.

"ಇದ್ರಲ್ಲಿ ಯಾವ್ದ್ ಉಣ್ಣನ್ಲಾ?" ಎಂದ.

ನಾನು ಅವನ ಡಬ್ಬಿ ತೆಗೆದುಕೊಂಡು ಮುಚ್ಚಳ ತೆರೆದೆ, ಅಂಗೈಯಲ್ಲಿ ಅನ್ನದ ಉಂಡೆ ಕಟ್ಟಿ ಅವನ ಮುಂದಿಟ್ಟೆ.